ಅಗ್ಗದ ಗಿಟಾರೋ, ದುಬಾರಿ ಗಿಟಾರೋ: ನಾನು ಆರಿಸಿಕೊಂಡ ಬಗೆ

ನಮ್ಮದು ದಾವಣಗೆರೆಯ ಒಂದು ರಸಮಂಜರಿ ತಂಡ. ಮದುವೆ ಆರತಕ್ಷತೆ, ಗಣಪತಿ ಪೆಂಡಾಲು, ಕಾಲೇಜಿನ ವಾರ್ಷಿಕೋತ್ಸವ, ಎಲ್ಲಿ ಕರೆದರೂ ಹೋಗುತ್ತೇವೆ. ನಾನು ಎಲೆಕ್ಟ್ರಿಕ್ ಗಿಟಾರ್ ನುಡಿಸುತ್ತೇನೆ. ಸಂಜೆ ಹೊತ್ತು ವಿದ್ಯಾನಗರದ ಮನೆಯಲ್ಲಿ ಮಕ್ಕಳಿಗೆ ಹೇಳಿಕೊಡುತ್ತೇನೆ. ಹಾಗಾಗಿ ಈ ಪ್ರಶ್ನೆ ನನಗೆ ಎರಡು ಕಡೆಯಿಂದ ಬರುತ್ತದೆ. ನನಗೆ ಎಂಥ ಗಿಟಾರ್ ಬೇಕು ಅನ್ನೋದು ಒಂದು. ಮಗನಿಗೆ ಯಾವುದು ಕೊಡಿಸಲಿ ಅಂತ ಕೇಳುವ ಅಪ್ಪ ಅಮ್ಮಂದಿರಿಗೆ ಏನು ಹೇಳಲಿ ಅನ್ನೋದು ಇನ್ನೊಂದು.

ಹೊಸ ಗಿಟಾರ್‌ಗೆ ಅಂತ ದುಡ್ಡು ಕೂಡಿಡುತ್ತಿದ್ದಾಗ ನನ್ನ ಕಣ್ಣು ಅಮೆರಿಕದಲ್ಲಿ ತಯಾರಾದ ಫೆಂಡರ್ ಸ್ಟ್ರಾಟೋಕ್ಯಾಸ್ಟರ್ ಮೇಲಿತ್ತು. ನಾವು ಅದನ್ನು ಸ್ಟ್ರಾಟ್ ಅನ್ನೋದು. ಬೆಲೆ 2 ಲಕ್ಷದ ಹತ್ತಿರ. ಅದೇ ಆಕಾರದ, ಇಂಡೋನೇಷ್ಯಾದಲ್ಲಿ ತಯಾರಾದ ಗಿಟಾರ್ 30 ಸಾವಿರದ ಆಸುಪಾಸಿಗೆ ಸಿಗುತ್ತಿತ್ತು. ನೋಡೋಕೆ ಎರಡೂ ಒಂದೇ. ಹಾಗಾದರೆ ಉಳಿದ ಅಷ್ಟು ದುಡ್ಡು ಗಿಟಾರ್‌ನ ಯಾವ ಭಾಗದಲ್ಲಿ ಕೂತಿದೆ? ಇದು ಗೊತ್ತಾಗದೆ ಕೊಳ್ಳಬಾರದು ಅಂತ ಗಟ್ಟಿ ಮಾಡಿಕೊಂಡೆ.

ಇದನ್ನು ಅರ್ಥ ಮಾಡಿಕೊಳ್ಳೋಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಸ್ಟ್ರಾಟೋಕ್ಯಾಸ್ಟರ್ ಬಂದಿದ್ದು 1954ರಲ್ಲಿ. ಅದನ್ನು ತಂದ ಲಿಯೋ ಫೆಂಡರ್ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದವರು. ಅವರಿಗೆ ಗಿಟಾರ್ ನುಡಿಸೋಕೆ ಬರುತ್ತಿರಲಿಲ್ಲ. ರಿಪೇರಿಯವರ ಕಣ್ಣಿನಿಂದಲೇ ಅವರು ಗಿಟಾರನ್ನು ನೋಡಿದರು. ಬಾಡಿ ಅಂದರೆ ಮೈಗೆ ಒಗ್ಗುವ ಹಾಗೆ ಅಂಚು ಸವೆಸಿದ ಗಟ್ಟಿ ಹಲಗೆ. ನೆಕ್, ಅಂದರೆ ಕೈಯಲ್ಲಿ ಹಿಡಿಯುವ ಉದ್ದನೆಯ ಕತ್ತು, ಬೇರೆ ತುಂಡು, ನಾಲ್ಕು ಸ್ಕ್ರೂ ಹಾಕಿ ಬಿಗಿದರೆ ಆಯಿತು. ಕೆಟ್ಟರೆ ಬಿಚ್ಚಿ ಇನ್ನೊಂದು ಹಾಕಬಹುದು. ಮೊದಲಿನಿಂದಲೂ ಕಾರ್ಖಾನೆಯಲ್ಲಿ ಸಾಲಾಗಿ ತಯಾರಾಗಲಿ ಅಂತಲೇ ಮಾಡಿದ ವಿನ್ಯಾಸ ಅದು. ಈಗ ಮರ ಕತ್ತರಿಸೋದು ಕಂಪ್ಯೂಟರ್ ಹೇಳಿದ ಹಾಗೆ ಕೇಳುವ ಯಂತ್ರ. ಅದು ಇಂಡೋನೇಷ್ಯಾದಲ್ಲೂ ಅಷ್ಟೇ ನೇರವಾಗಿ ಕತ್ತರಿಸುತ್ತದೆ, ಅಮೆರಿಕದಲ್ಲೂ ಅಷ್ಟೇ ನೇರವಾಗಿ ಕತ್ತರಿಸುತ್ತದೆ. ಅದಕ್ಕೇ ಈ ಮಾದರಿಯ ಅಗ್ಗದ ಗಿಟಾರ್‌ಗಳು ಇವತ್ತು ಇಷ್ಟು ಚೆನ್ನಾಗಿ ಬರುತ್ತಿವೆ.

ಮರದ ವಿಷಯಕ್ಕೆ ಬಂದರೆ ನನಗೆ ಬಹಳ ಖುಷಿ ಕೊಟ್ಟ ಸಂಗತಿ ಒಂದಿದೆ. ದುಬಾರಿ ಗಿಟಾರ್‌ಗಳಲ್ಲಿ ಬೆರಳು ಓಡಾಡುವ ಪಟ್ಟಿಗೆ ಹೆಚ್ಚಾಗಿ ಹಾಕೋದು ಇಂಡಿಯನ್ ರೋಸ್‌ವುಡ್. ಅಂದರೆ ನಮ್ಮ ಬೀಟೆ ಮರ. ಅಗ್ಗದ ಹಲವು ಗಿಟಾರ್‌ಗಳಲ್ಲಿ ಇಂಡಿಯನ್ ಲಾರೆಲ್ ಅಂತ ಬರೆದಿರುತ್ತದೆ. ಅದು ನಮ್ಮ ಮತ್ತಿ ಮರ. ಎರಡೂ ನಮ್ಮ ಮಲೆನಾಡಿನ ಕಾಡಲ್ಲಿ ಬೆಳೆಯುವ ಜಾತಿಗಳೇ. 2017ರಲ್ಲಿ ರೋಸ್‌ವುಡ್ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಬಿಗಿ ನಿಯಮ ಬಂತು. ಆಗ ಕಂಪನಿಗಳು ಕಡಿಮೆ ಬೆಲೆಯ ಗಿಟಾರ್‌ಗಳಿಗೆ ಬೇರೆ ಮರ ಹುಡುಕಿದವು. ಪೂರ್ತಿ ತಯಾರಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕರೂ ಮತ್ತಿ ಉಳಿದುಕೊಂಡಿತು. ಬೆರಳಿಗೆ ಬೀಟೆ ಸ್ವಲ್ಪ ನುಣುಪು. ಮತ್ತಿ ಮೊದಮೊದಲು ಒಣಗಿದ ಹಾಗೆ ಅನ್ನಿಸುತ್ತದೆ. ಒಂದೆರಡು ಹನಿ ಎಣ್ಣೆ ಹಾಕಿ ಬಟ್ಟೆಯಲ್ಲಿ ಉಜ್ಜಿದರೆ ಸಾಕು, ಬಣ್ಣವೂ ಗಾಢವಾಗುತ್ತದೆ. ಈ ಒಂದು ಕಾರಣಕ್ಕೆ ಲಕ್ಷ ರೂಪಾಯಿ ಜಾಸ್ತಿ ಕೊಡೋದು ನನಗೆ ಸರಿ ಕಾಣಲಿಲ್ಲ.

ದಾವಣಗೆರೆಯಲ್ಲಿ ಅಕೌಸ್ಟಿಕ್ ಗಿಟಾರ್ ಸುಲಭವಾಗಿ ಸಿಗುತ್ತದೆ. ಎಲೆಕ್ಟ್ರಿಕ್‌ನಲ್ಲಿ ಆಯ್ಕೆ ಕಡಿಮೆ. ಹಾಗಾಗಿ ಬೆಂಗಳೂರಿಗೆ ಹೋಗಿ ಅಂಗಡಿಯಲ್ಲಿ ಕೂತು ನೋಡಿದೆ. ಶಬ್ದ ದೊಡ್ಡದು ಮಾಡುವ ಆ್ಯಂಪ್ ಒಂದೇ, ಕೇಬಲ್ ಒಂದೇ, ಆ್ಯಂಪ್‌ನ ಗುಂಡಿಗಳನ್ನು ಮುಟ್ಟಲೇ ಇಲ್ಲ. ಮೊದಲು ಎರಡನ್ನೂ ಆ್ಯಂಪ್‌ಗೆ ಹಾಕದೆ ಸುಮ್ನೆ ನುಡಿಸಿದೆ. ಅಂಗೈಯನ್ನು ನೆಕ್‌ನ ಅಂಚಿನ ಮೇಲೆ ಮೇಲಿಂದ ಕೆಳಗೆ ಜಾರಿಸಿದೆ. ದುಬಾರಿಯದರಲ್ಲಿ ಅಂಚು ಹಳೇ ನಾಣ್ಯದ ಅಂಚಿನಷ್ಟು ನಯ. ಅಗ್ಗದ್ದರಲ್ಲಿ ಫ್ರೆಟ್‌ಗಳ, ಅಂದರೆ ಪಟ್ಟಿಗೆ ಅಡ್ಡಲಾಗಿ ಕೂರಿಸಿದ ಲೋಹದ ಕಡ್ಡಿಗಳ, ತುದಿ ಅಲ್ಲಲ್ಲಿ ಚುಚ್ಚುತ್ತಿತ್ತು. ಆಮೇಲೆ 15ನೇ ಫ್ರೆಟ್‌ನಲ್ಲಿ ತೆಳು ತಂತಿಯನ್ನು ಒಂದು ಸ್ವರದಷ್ಟು ಮೇಲಕ್ಕೆ ಎಳೆದೆ. ದುಬಾರಿಯದು ಹಾಡುತ್ತಾ ಮೇಲೆ ಹೋಯಿತು. ಅಗ್ಗದ್ದು ಅರ್ಧಕ್ಕೆ ಹೋಗಿ ಝರ್ ಅಂದು ಸತ್ತುಹೋಯಿತು. ತಂತಿ ಬಿಗಿಯುವ ಕೀಲು, ಟ್ಯೂನರ್, ತಿರುಗಿಸಿದಾಗ ಅಗ್ಗದ್ದರಲ್ಲಿ ನಟ್, ಅಂದರೆ ತಲೆಯ ಬುಡದಲ್ಲಿ ತಂತಿಗಳು ಕೂರುವ ಸಣ್ಣ ತುಂಡು, ಅದರ ಹತ್ತಿರ ತಂತಿ ಟಿಕ್ ಟಿಕ್ ಅಂತ ಹಾರುತ್ತಿತ್ತು. ತಂತಿ ಕೂರುವ ಸೀಳು ಬಿಗಿಯಾಗಿದೆ ಅನ್ನೋದಕ್ಕೆ ಆ ಶಬ್ದವೇ ಗುರುತು. ಹೀಗಿದ್ದರೆ ಒಂದು ಹಾಡು ಮುಗಿಯುವಷ್ಟರಲ್ಲಿ ಶ್ರುತಿ ಇಳಿಯುತ್ತದೆ.

ಆಮೇಲೆ ಆ್ಯಂಪ್‌ಗೆ ಹಾಕಿದೆ. ಜೊತೆಗೆ ಬಂದಿದ್ದ ನಮ್ಮ ತಂಡದ ಡ್ರಮ್ಮರ್‌ಗೆ ಬೆನ್ನು ಹಾಕಿ ನಿಲ್ಲೋಕೆ ಹೇಳಿ, ಒಂದೇ ಸಾಲನ್ನು ಎರಡರಲ್ಲೂ ನುಡಿಸಿದೆ. ಶಬ್ದವನ್ನು ಒರಟು ಮಾಡುವ ಡಿಸ್ಟಾರ್ಷನ್ ಹಾಕಿದಾಗ ಅವನಿಗೆ ಯಾವುದು ಯಾವುದು ಅಂತ ಹೇಳೋಕೆ ಆಗಲಿಲ್ಲ. ಕ್ಲೀನ್ ಶಬ್ದದಲ್ಲಿ ಮಾತ್ರ ಗುರುತು ಹಿಡಿದ. ಅದಕ್ಕೆ ಕಾರಣ ಪಿಕಪ್, ಅಂದರೆ ತಂತಿಯ ಕಂಪನವನ್ನು ಕರೆಂಟಾಗಿ ಬದಲಿಸುವ ಭಾಗ. ಅಗ್ಗದ್ದರಲ್ಲಿ ಉಕ್ಕಿನ ಕಡ್ಡಿಗಳ ಕೆಳಗೆ ಒಂದು ಸೆರಾಮಿಕ್ ಅಯಸ್ಕಾಂತದ ಪಟ್ಟಿ ಇರುತ್ತದೆ. ದುಬಾರಿಯದರಲ್ಲಿ ಕಡ್ಡಿಗಳೇ ಆಲ್ನಿಕೊ ಅಯಸ್ಕಾಂತ, ಅಂದರೆ ಅಲ್ಯುಮಿನಿಯಂ, ನಿಕಲ್, ಕೋಬಾಲ್ಟ್ ಬೆರೆಸಿದ ಲೋಹ. ಸೆರಾಮಿಕ್‌ನ ಶಬ್ದ ಸ್ವಲ್ಪ ಚೂಪು. ಆಲ್ನಿಕೊದಲ್ಲಿ ಮೆಲ್ಲಗೆ ಮೀಟಿದರೆ ಮೆಲ್ಲಗೆ, ಜೋರಾಗಿ ಮೀಟಿದರೆ ಜೋರಾಗಿ ಮಾತಾಡುತ್ತದೆ. ಆ ಸೂಕ್ಷ್ಮ ನನಗೆ ನಿಜವಾಗಿಯೂ ಇಷ್ಟವಾಯಿತು.

ಅಲ್ಲೇ ನನಗೆ ಲೆಕ್ಕ ಸಿಕ್ಕಿತು. ಫ್ರೆಟ್ ತುದಿ, ಫ್ರೆಟ್ ಮಟ್ಟ, ನಟ್ಟಿನ ಸೀಳು, ಪಿಕಪ್. ಮೊದಲ ಮೂರೂ ಕೈಕೆಲಸ. ಕಾರ್ಖಾನೆಯಲ್ಲಿ ಒಬ್ಬ ನುರಿತ ಕೆಲಸಗಾರ ಗಂಟೆಗಟ್ಟಲೆ ಕೂತು ಮಾಡಿದ್ದಕ್ಕೆ ನಾವು ದುಡ್ಡು ಕೊಡುತ್ತೇವೆ. ನಾಲ್ಕನೆಯದು ಬಿಚ್ಚಿ ಬದಲಿಸುವ ವಸ್ತು. ಈ ಕೈಕೆಲಸವನ್ನು ನಾನೇ ಕಲಿತರೆ? ಇಂಡೋನೇಷ್ಯಾದ ಗಿಟಾರನ್ನೇ ತಗೊಂಡು ರೈಲು ಹತ್ತಿದೆ.

ಮನೆಗೆ ಬಂದು ಮೊದಲು ನೆಕ್ ನೋಡಿದೆ. ಎಲ್ಲ ತಂತಿಗಳ ಎಳೆತಕ್ಕೆ ನೆಕ್ ಸ್ವಲ್ಪ ಮುಂದಕ್ಕೆ ಬಾಗುತ್ತದೆ. ಒಳಗಿರುವ ಉಕ್ಕಿನ ಸರಳು, ಟ್ರಸ್ ರಾಡ್, ಅದನ್ನು ಹಿಂದಕ್ಕೆ ಎಳೆಯುತ್ತದೆ. ಮೊದಲ ಫ್ರೆಟ್‌ಗೆ ತಂತಿಗಳನ್ನು ಒತ್ತಿ ಹಿಡಿಯುವ ಕ್ಲಿಪ್ಪು, ಕ್ಯಾಪೊ, ಹಾಕಿ, ಕೊನೆಯ ಫ್ರೆಟ್ಟನ್ನು ಒತ್ತಿ ಹಿಡಿದು, 8ನೇ ಫ್ರೆಟ್ಟಿಗೂ ತಂತಿಗೂ ನಡುವಿನ ಸಂದಿ ಅಳೆಯಬೇಕು. 0.25 ಮಿಲಿಮೀಟರ್ ಇದ್ದರೆ ಸರಿ. ಇದನ್ನು ಅಳೆಯೋಕೆ ನಾನು ಬಳಸಿದ್ದು ಬೈಕ್ ಮೆಕ್ಯಾನಿಕ್‌ಗಳು ಟ್ಯಾಪೆಟ್ ಹೊಂದಿಸುವ ಫೀಲರ್ ಗೇಜ್. ಆಟೋಮೊಬೈಲ್ ಅಂಗಡಿಯಲ್ಲಿ ಸಿಗುತ್ತದೆ. ಸರಳನ್ನು ತಿರುಗಿಸುವಾಗ ಒಂದು ಸಲಕ್ಕೆ ಕಾಲು ಸುತ್ತು ಸಾಕು, ಆಮೇಲೆ ಶ್ರುತಿ ಮಾಡಿ ಮತ್ತೆ ಅಳೆಯಬೇಕು. ಆತುರ ಮಾಡುವ ಜಾಗ ಇದಲ್ಲ.

ಎದ್ದು ನಿಂತ ಫ್ರೆಟ್ ಹುಡುಕೋಕೆ ಎಟಿಎಂ ಕಾರ್ಡ್ ಸಾಕು. ಅದರ ಅಂಚನ್ನು ಮೂರು ಫ್ರೆಟ್‌ಗಳ ಮೇಲೆ ಇಟ್ಟು ಅಲ್ಲಾಡಿಸಿದರೆ, ನಡುವಿನದು ಎತ್ತರವಿದ್ದಾಗ ಕಾರ್ಡ್ ಟಕ್ ಟಕ್ ಅಂತ ವಾಲುತ್ತದೆ. ನನ್ನದರಲ್ಲಿ ಮೇಲಿನ ಭಾಗದಲ್ಲಿ ಎರಡು ಕಡೆ ವಾಲಿತು. ಅಂಗಡಿಯಲ್ಲಿ ತಂತಿ ಸತ್ತುಹೋಗುತ್ತಿದ್ದದ್ದು ಅಲ್ಲೇ. ಪ್ಲಾಸ್ಟಿಕ್ ತಲೆಯ ಸುತ್ತಿಗೆಯಿಂದ ಮೆಲ್ಲಗೆ ಬಡಿದೆ. ಒಂದು ಕೂತಿತು. ಇನ್ನೊಂದು ಕೂರಲಿಲ್ಲ, ಅದರ ತಲೆಯನ್ನು ಸವೆಸಿ ಮತ್ತೆ ದುಂಡಗೆ ಮಾಡಬೇಕಾಯಿತು. ಮರಕ್ಕೆ ಗೀರು ಬೀಳದಿರಲಿ ಅಂತ ಪಟ್ಟಿಯ ಮೇಲೆಲ್ಲ ಮಾಸ್ಕಿಂಗ್ ಟೇಪ್ ಅಂಟಿಸಿ, ಫ್ರೆಟ್ ಮೇಲೆ ಮಾರ್ಕರ್ ಶಾಯಿ ಹಚ್ಚಿ, ಸಣ್ಣ ಅರದಿಂದ ಉಜ್ಜಿದೆ. ಶಾಯಿ ನಡುವೆ ಕೂದಲೆಳೆಯಷ್ಟು ಉಳಿಯುವವರೆಗೆ ಎರಡೂ ಪಕ್ಕ ದುಂಡಗೆ ಮಾಡೋದು. ಆಮೇಲೆ ಬೆಂಗಳೂರಿನಿಂದ ಮೂಳೆಯ ನಟ್ ತರಿಸಿ ಕೂರಿಸಿದೆ. ಸೀಳಿಗೆ ಪೆನ್ಸಿಲ್ ಸೀಸ ಉಜ್ಜಿದ ಮೇಲೆ ಟಿಕ್ ಟಿಕ್ ನಿಂತೇಹೋಯಿತು. ಕೊನೆಗೆ ತಂತಿಯ ಎತ್ತರವನ್ನು 17ನೇ ಫ್ರೆಟ್‌ನಲ್ಲಿ 1.6 ಮಿಲಿಮೀಟರ್‌ಗೆ ತಂದೆ. ಆವತ್ತು ರಾತ್ರಿ ಅದೇ 15ನೇ ಫ್ರೆಟ್‌ನಲ್ಲಿ ತಂತಿ ಎಳೆದಾಗ ಅದು ಪೂರ್ತಿ ಮೇಲಕ್ಕೆ ಹೋಗಿ ನಿಂತಿತು. ಎಷ್ಟು ಸಂತೋಷವಾಯಿತು ಅಂದರೆ ಅದನ್ನೇ ಮತ್ತೆ ಮತ್ತೆ ಎಳೆದೆ.

ಪಿಕಪ್‌ಗಳನ್ನು ಆಲ್ನಿಕೊಗೆ ಬದಲಿಸಿದ್ದು ಸ್ವಲ್ಪ ತಡವಾಗಿ, ಸೀಸನ್‌ನ ದುಡ್ಡು ಬಂದ ಮೇಲೆ.

ನಮ್ಮ ವೇದಿಕೆಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಪೆಂಡಾಲಿನಲ್ಲಿ ಸೀರಿಯಲ್ ಸೆಟ್, ಡಿಮ್ಮರ್ ಲೈಟು, ಪಕ್ಕದಲ್ಲೇ ಜನರೇಟರ್. ಸ್ಟ್ರಾಟ್‌ನ ಒಂಟಿ ಸುರುಳಿಯ ಪಿಕಪ್ ಸುತ್ತಲಿನ 50 ಹರ್ಟ್ಜ್ ಕರೆಂಟಿನ ಗುಂಯ್‌ಗುಡುವಿಕೆಯನ್ನೆಲ್ಲ ಎಳೆದುಕೊಳ್ಳುತ್ತದೆ. 2 ಲಕ್ಷದ ಗಿಟಾರ್ ಆದರೂ ಪಿಕಪ್ ಅದೇ ಬಗೆಯದಾದರೆ ಹೀಗೇ. ಒಳಗಿನ ಗುಂಡಿಯ ಗೂಡಿಗೆ ತಾಮ್ರದ ಟೇಪ್ ಅಂಟಿಸಿ ಅರ್ಥ್ ಕೊಟ್ಟರೆ ಚರಚರ ಶಬ್ದ ಕಡಿಮೆಯಾಗುತ್ತದೆ. ಟ್ರಾನ್ಸ್‌ಫಾರ್ಮರ್‌ನಿಂದ ಬರುವ ಗುಂಯ್ ಮಾತ್ರ ಅದರಿಂದ ಹೋಗೋದಿಲ್ಲ. ಅದಕ್ಕೆ ನಾನು ಪಿಕಪ್ ಆರಿಸುವ ಸ್ವಿಚ್ಚನ್ನು 2 ಅಥವಾ 4ನೇ ಜಾಗಕ್ಕೆ ಹಾಕುತ್ತೇನೆ. ನಡುವಿನ ಪಿಕಪ್ಪನ್ನು ಉಲ್ಟಾ ಸುತ್ತಿದ್ದರೆ ಅಲ್ಲಿ ಎರಡು ಪಿಕಪ್ ಸೇರಿ ಒಂದರ ಗುಂಯ್ ಅನ್ನು ಇನ್ನೊಂದು ಕಳೆಯುತ್ತದೆ. ಇನ್ನೊಂದು ವಿಷಯ, ನಮ್ಮಲ್ಲಿ ಗಿಟಾರ್‌ನ ಶಬ್ದ ಪ್ರೊಸೆಸರ್‌ನಿಂದ, ಅಂದರೆ ಶಬ್ದಕ್ಕೆ ಬಣ್ಣ ಕೊಡುವ ಪೆಟ್ಟಿಗೆಯಿಂದ, ನೇರ ಮಿಕ್ಸರ್‌ಗೆ ಹೋಗುತ್ತದೆ. ಜನರ ಕಿವಿಗೆ ಬೀಳುವ ಶಬ್ದವನ್ನು ಬಾಡಿಯ ಮರಕ್ಕಿಂತ ಆ ಪ್ರೊಸೆಸರ್ ಜಾಸ್ತಿ ತೀರ್ಮಾನಿಸುತ್ತದೆ. ಉಳಿದ ದುಡ್ಡಿನಲ್ಲಿ ನಾನು ಮೊದಲು ಒಳ್ಳೆಯ ಪ್ರೊಸೆಸರ್ ತಗೊಂಡೆ. ಆ ರಾತ್ರಿಯಿಂದಲೇ ನಮ್ಮ ತಂಡದವರಿಗೆ ವ್ಯತ್ಯಾಸ ಕೇಳಿಸಿತು.

ದುಬಾರಿಯದರಲ್ಲಿ ನಿಜವಾಗಿ ಮೇಲು ಅನ್ನಿಸಿದ್ದನ್ನೂ ಹೇಳುತ್ತೇನೆ. ಶ್ರುತಿಯನ್ನು ಅಲುಗಿಸುವ ಟ್ರೆಮೊಲೊ ಕಡ್ಡಿ ಒತ್ತಿ ಬಿಟ್ಟರೆ ಅದು ಸರಿಯಾಗಿ ಅದೇ ಶ್ರುತಿಗೆ ವಾಪಸ್ ಬರುತ್ತದೆ. ವಾಲ್ಯೂಮ್ ಇಳಿಸಿದರೂ ಶಬ್ದ ಮಂಕಾಗೋದಿಲ್ಲ. ನಮ್ಮೂರಿನ ಹವೆಗೂ ಅದು ಚೆನ್ನಾಗಿ ತಡೆಯುತ್ತದೆ ಅಂತ ಅಂಥದ್ದನ್ನು ಇಟ್ಟುಕೊಂಡ ಗೆಳೆಯರೊಬ್ಬರಿಂದ ತಿಳಿಯಿತು. ದಾವಣಗೆರೆಯ ಮಾರ್ಚ್, ಏಪ್ರಿಲ್ ಬಿಸಿಲು ಗೊತ್ತಲ್ವಾ? ಗಾಳಿಯಲ್ಲಿ ಪಸೆಯೇ ಇರೋದಿಲ್ಲ. ಮರ ಕುಗ್ಗಿ ಫ್ರೆಟ್ ತುದಿಗಳು ಹೊರಗೆ ಇಣುಕುತ್ತವೆ, ನೆಕ್ ನೇರವಾಗಿ ತಂತಿ ಝರ್ ಅನ್ನುತ್ತದೆ. ಜುಲೈನಲ್ಲಿ ಉಲ್ಟಾ, ತಂತಿ ಎತ್ತರವಾಗುತ್ತದೆ. ನನ್ನ ಗಿಟಾರ್‌ಗೆ ವರ್ಷಕ್ಕೆ ಎರಡು ಸಲ ಸರಳು ತಿರುಗಿಸಲೇಬೇಕು. ಅವರದಕ್ಕೆ ಅಷ್ಟು ಬೇಕಾಗೋದಿಲ್ಲ. ದಿನಾ ಸ್ಟುಡಿಯೋದಲ್ಲಿ ದುಡಿಯುವವರಿಗೆ, ಅರ ಹಿಡಿಯೋಕೆ ಸಮಯ ಇಲ್ಲದವರಿಗೆ ಆ ಬೆಲೆ ನ್ಯಾಯವೇ. ಮಾರುವಾಗಲೂ ಹೆಸರಿರುವ ಗಿಟಾರ್‌ಗೆ ಒಳ್ಳೆಯ ರೇಟ್ ಬರುತ್ತದೆ.

ಈಚೆಗೆ ಮಂಡಿಪೇಟೆಯಲ್ಲಿ ವ್ಯಾಪಾರ ಮಾಡುವವರೊಬ್ಬರು ಮಗನನ್ನು ಕರೆದುಕೊಂಡು ಬಂದರು. "ಮೇಷ್ಟ್ರೇ, ದುಡ್ಡು ನೋಡಬ್ಯಾಡ್ರಿ, ಒಳ್ಳೇದೇ ಹೇಳ್ರಿ" ಅಂದರು. "ಸರ್, ಮೊದಲು ಹುಡುಗನ ಬೆರಳು ನೋಯದಂಥದ್ದು ತಗೊಳ್ಳೋಣ ರೀ. ಗಿಟಾರ್‌ಗೆ 30 ಸಾವಿರ ದಾಟೋದು ಬ್ಯಾಡ. ಒಂದು ಆ್ಯಂಪ್ ತಗೊಳ್ರಿ. ಸೆಟಪ್ ನಾನು ಮಾಡಿಕೊಡ್ತೀನಿ" ಅಂದೆ. ಹುಡುಗನಿಗೆ 9ರ ಸೆಟ್ ತಂತಿ ಹಾಕಿಕೊಟ್ಟೆ, ಅಂದರೆ ತೆಳು ತಂತಿ 0.009 ಇಂಚು. ಹೊಸ ಬೆರಳಿಗೆ ಅದೇ ಸರಿ. 10ರ ಸೆಟ್ ಆಮೇಲೆ ನೋಡಿಕೊಳ್ಳಬಹುದು.

ನಾನೀಗ ಮತ್ತೆ ದುಡ್ಡು ಕೂಡಿಡುತ್ತಿದ್ದೇನೆ. ಈ ಸಲ ಕಣ್ಣು ಗಿಬ್ಸನ್ ಕಂಪನಿಯ ಲೆಸ್ ಪಾಲ್ ಗಿಟಾರ್ ಮೇಲೆ. 1952ರಲ್ಲಿ ಬಂದ ಆ ವಿನ್ಯಾಸದ ದಾರಿಯೇ ಬೇರೆ. ಮಹಾಗನಿ ಬಾಡಿಯ ಮೇಲೆ ಉಬ್ಬಾಗಿ ಕೆತ್ತಿದ ಮೇಪಲ್ ಪದರ, ಸ್ಕ್ರೂ ಇಲ್ಲದೆ ಅಂಟಿನಲ್ಲೇ ಕೂರಿಸಿದ ನೆಕ್, ಹಿಂದಕ್ಕೆ ಬಾಗಿದ ತಲೆ. ಗುಂಯ್ ಕಳೆಯುವ ಹಂಬಕರ್ ಪಿಕಪ್ 1957ರಿಂದ ಅದರಲ್ಲಿ ಬಂತು, ನಮ್ಮ ಪೆಂಡಾಲಿಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ನೆಕ್ ಕೂರಿಸಿದ ಕೋನ ತಪ್ಪಿದ್ದರೆ ಮನೆಯಲ್ಲಿ ಕೂತು ಸರಿಮಾಡೋಕೆ ಆಗೋದಿಲ್ಲ, ಬಿಚ್ಚೋಕೆ ಸ್ಕ್ರೂಗಳೇ ಇಲ್ಲ. ಅಂಥ ಗಿಟಾರ್‌ನಲ್ಲಿ ಕಾರ್ಖಾನೆಯವರ ಕೈ ಚೆನ್ನಾಗಿರಲೇಬೇಕು. ಇದಕ್ಕೆ ಮಾತ್ರ ದುಬಾರಿಯದನ್ನೇ ತಗೊಳ್ಳುತ್ತೇನೆ. ತಡವಾದರೂ ಪರವಾಗಿಲ್ಲ. ಅಲ್ಲಿಯವರೆಗೆ ಮತ್ತಿ ಪಟ್ಟಿಯ ಈ ಗಿಟಾರ್‌ನಲ್ಲೇ ಮುಂದಿನ ಸೀಸನ್‌ನ ಕಾರ್ಯಕ್ರಮಗಳನ್ನೆಲ್ಲ ನುಡಿಸುತ್ತೇನೆ.