ನಂಬಿಂಗ್ ಕ್ರೀಮ್ ಹಚ್ಚಿಯೂ ಗೆರೆ ಕೂರುತ್ತೆ

ನೋವು ತಿಳಿಯದಂತೆ ಮರಗಟ್ಟಿಸುವ ನಂಬಿಂಗ್ ಕ್ರೀಮ್ ಹಚ್ಚಿದ ಚರ್ಮ ರಬ್ಬರಿನಂತಾಗುತ್ತೆ, ಇಂಕು ಹಿಡಿಯಲ್ಲ, ಗೆರೆ ಒಡೆಯುತ್ತೆ ಅನ್ನೋದು ನಮ್ಮ ಟ್ಯಾಟೂ ಕೆಲಸದವರ ಹಳೇ ತಕರಾರು. ತಕರಾರು ಸುಳ್ಳಲ್ಲ, ಆದರೆ ತಪ್ಪು ಕ್ರೀಮಿನದಲ್ಲ, ಹಚ್ಚುವ ಮತ್ತು ತೆಗೆಯುವ ಹೊತ್ತಿನದು. ಪಕ್ಕೆಲುಬಿನ ಮೇಲೆ, ತೋಳಿನ ಒಳಬದಿಗೆ ಈಗ ಕ್ರೀಮ್ ಹಚ್ಚಿಯೇ ಲೈನಿಂಗ್, ಅಂದರೆ ಡಿಸೈನಿನ ಗೆರೆ ಎಳೆಯುವ ಕೆಲಸ, ಮಾಡುತ್ತೇನೆ. ವಾಸಿಯಾದ ಮೇಲೆ ಯಾವುದು ಕ್ರೀಮಿನದು, ಯಾವುದು ಅಲ್ಲ ಅಂತ ಗುರುತಿಸಲು, ತಕರಾರು ಮಾಡಿದವರಿಂದಲೇ ಆಗಿಲ್ಲ.

ಬಳಸೋದು ಶೇ. 2.5 ಲಿಡೊಕೇನ್, ಶೇ. 2.5 ಪ್ರಿಲೊಕೇನ್ ಇರುವ, ಔಷಧಿ ಅಂಗಡಿಯಲ್ಲಿ ಸಿಗುವ ಮಾಮೂಲಿ ಟ್ಯೂಬು. ಆನ್‌ಲೈನಿನಲ್ಲಿ ಬರುವ ‘ಡಬಲ್ ಸ್ಟ್ರಾಂಗ್’ ಡಬ್ಬಿಗಳನ್ನು ಮುಟ್ಟಲ್ಲ. ಶೇ. 4ಕ್ಕಿಂತ ಹೆಚ್ಚು ಲಿಡೊಕೇನ್ ಇರುವ ಅಂಥ ಕ್ರೀಮುಗಳ ಬಗ್ಗೆ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರಲ್ಲಿ ಎಚ್ಚರಿಕೆ ಕೊಟ್ಟಿದೆ. 2007ರಲ್ಲೂ ಕೊಟ್ಟಿತ್ತು: ಲೇಸರ್‌ನಿಂದ ಕೂದಲು ತೆಗೆಸಲು ಹೊರಟ ಇಬ್ಬರು ಯುವತಿಯರು ಕಾಲಿಗೆಲ್ಲ ಕ್ರೀಮ್ ಬಳಿದು ಪ್ಲಾಸ್ಟಿಕ್ ಸುತ್ತಿಕೊಂಡು ಪ್ರಾಣ ಕಳೆದುಕೊಂಡಿದ್ದರು. ಹಾಗಾಗಿ ತೋಳು ತುಂಬುವ ಇಡೀ ಸ್ಲೀವಿಗೆ ಒಂದೇ ಸಲ ಬಳಿಯುವ ಮಾತೇ ಇಲ್ಲ.

ಅಳತೆಯಲ್ಲೇ ಹೆಚ್ಚಿನವರು ಸೋಲೋದು. ಹತ್ತು ಚದರ ಸೆಂಟಿಮೀಟರಿಗೆ ಒಂದೂವರೆ ಗ್ರಾಂ ಬೇಕು. ಅಂದರೆ 10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲದ ಡಿಸೈನಿಗೆ ಹದಿನೈದು ಗ್ರಾಂ, 30 ಗ್ರಾಂ ಟ್ಯೂಬಿನಲ್ಲಿ ಅರ್ಧ. ಟ್ಯೂಬು ಉಳಿಸಲು ತೆಳ್ಳಗೆ ಸವರಿ ತಿಕ್ಕಿದರೆ ಕ್ರೀಮಿನ ದುಡ್ಡೂ ಹೋಯಿತು, ಸಿಟ್ಟಿಂಗೂ ಹೋಯಿತು. ತಿಕ್ಕಬಾರದು, ಕೆಳಗಿನ ಚರ್ಮ ಕಾಣದಷ್ಟು ದಪ್ಪ ಕೂರಿಸಿ, ಗಾಳಿಯಾಡದಂತೆ ಕ್ಲಿಂಗ್ ಫಿಲ್ಮ್ ಹಾಕಿ ನಾಲ್ಕೂ ಅಂಚಿಗೆ ಟೇಪ್ ಒತ್ತಬೇಕು. ಫಿಲ್ಮ್ ಇಲ್ಲದಿದ್ದರೆ ಕ್ರೀಮ್ ಮೇಲೇ ಒಣಗುತ್ತೆ, ಒಳಗಿಳಿಯಲ್ಲ.

ಒಂದು ಗಂಟೆಗೆ ಸುಮಾರು 3 ಮಿ.ಮೀ. ಆಳ ಮರಗಟ್ಟುತ್ತೆ, ಎರಡು ಗಂಟೆಗೆ 5 ಮಿ.ಮೀ. ನಮ್ಮ ಸೂಜಿ ಇಳಿಯೋದು ಒಂದರಿಂದ ಎರಡು. ಲೆಕ್ಕಕ್ಕೆ ಗಂಟೆಯೇ ಸಾಕು, ನಾನು ಎಪ್ಪತ್ತೈದು ತೊಂಬತ್ತು ನಿಮಿಷ ಬಿಡುತ್ತೇನೆ. ಮೂರು ನಾಲ್ಕು ಗಂಟೆ ಬಿಟ್ಟರೆ ಕೆಡುತ್ತೆ. ಮೊದಲು ರಕ್ತನಾಳ ಕುಗ್ಗಿ ಬಿಳುಚಿದ್ದ ಚರ್ಮ ಆಮೇಲೆ ಕೆಂಪೇರುತ್ತೆ, ರಕ್ತ ಹೆಚ್ಚು ಒಸರುತ್ತೆ, ತುಂಬಿದ ಬಣ್ಣ ತೇಪೆ ತೇಪೆಯಾಗುತ್ತೆ. ಖಾಲಿ ಕುರ್ಚಿಯ ನಷ್ಟ ಟ್ಯೂಬಿನ ಬೆಲೆಗಿಂತ ದೊಡ್ಡದು, ಅದಕ್ಕೆ ಸ್ಟೆನ್ಸಿಲ್ (ಚರ್ಮದ ಮೇಲೆ ಒತ್ತುವ ಡಿಸೈನಿನ ಅಚ್ಚು) ಅಳತೆ, ಒಪ್ಪಿಗೆ ಪತ್ರ, ಸೂಜಿ ಜೋಡಣೆ ಎಲ್ಲಾ ಈ ಹೊತ್ತಿನಲ್ಲೇ. ಕ್ರೀಮಿನ ದುಡ್ಡು ಬಿಲ್ಲಿನಲ್ಲಿ ಬೇರೆ ಸಾಲು.

ಇನ್ನು ರಬ್ಬರಿನ ಮಾತು. ಫಿಲ್ಮಿನಡಿ ಚರ್ಮದ ಮೇಲ್ಪದರ ನೀರು ಹೀರಿ ಉಬ್ಬಿರುತ್ತೆ, ಮೇಲೆ ಜಿಡ್ಡು. ಆ ಸ್ಥಿತಿಯಲ್ಲಿ ಸ್ಟೆನ್ಸಿಲ್ ಹಾಕಿದರೆ ಜಾರುತ್ತೆ, ಸೂಜಿ ಪುಟಿಯುತ್ತೆ. ಕ್ರೀಮನ್ನು ಒಣ ಟಿಶ್ಯೂವಿನಿಂದ ಪೂರ್ತಿ ಎತ್ತಿ, ಟ್ಯಾಟೂ ಕೆಲಸದಲ್ಲಿ ಚರ್ಮ ತೊಳೆಯಲು ಬಳಸುವ ಗ್ರೀನ್ ಸೋಪಿನಿಂದ ಎರಡು ಸಲ ತೊಳೆದು, ಒರೆಸಿ, ಹತ್ತು ಹದಿನೈದು ನಿಮಿಷ ಹಾಗೇ ಗಾಳಿಗೆ ಬಿಡಿ. ಆತುರದವರು ತಪ್ಪಿಸೋದು ಈ ಹದಿನೈದು ನಿಮಿಷವನ್ನೇ. ಸ್ಟೆನ್ಸಿಲಿಗೆ ಮುಂಚೆ ಇನ್ನೊಂದು ಒರೆಸು ಇದೆ, ಯಾವುದರಿಂದ ಅನ್ನೋದು ನನ್ನ ಬಳಿಯೇ ಇರಲಿ. ಕೂದಲು ಬೋಳಿಸೋದು ನಂಬಿಂಗ್ ಕ್ರೀಮ್ ಹಚ್ಚುವ ಹಿಂದಿನ ದಿನವೇ ಮುಗಿದಿರಬೇಕು. ಆಗಷ್ಟೇ ಬೋಳಿಸಿದ ಚರ್ಮ ಔಷಧಿಯನ್ನು ಬೇಗ ಎಳೆದುಕೊಳ್ಳುತ್ತೆ.

ಮರಗಟ್ಟಿದ ಮೇಲೆ ಗಿರಾಕಿ ಮುಖ ಕಿವುಚಲ್ಲ, ಆಳ ಜಾಸ್ತಿಯಾದದ್ದು ನಮಗೂ ತಿಳಿಯಲ್ಲ. ಬ್ಲೋಔಟ್, ಅಂದರೆ ಇಂಕು ಆಳಕ್ಕಿಳಿದು ಗೆರೆಯಾಚೆ ಹರಡಿ ಮಸುಕಾಗೋದು, ಆಗೋದು ಅಲ್ಲೇ. ಚರ್ಮ ಬಿಗಿಯಾಗಿ ಎಳೆದು ಹಿಡಿಯಿರಿ, ಮಷಿನ್ನಿನ ವೋಲ್ಟೇಜ್ ಏರಿಸಬೇಡಿ, ಒಂದೇ ಗೆರೆಯ ಮೇಲೆ ಮೂರನೇ ಸಲ ಹೋಗಬೇಡಿ. ಒಮ್ಮೆ ತೆಗೆದ ಮೇಲೆ ಒಳ್ಳೆಯ ಜೋಮು ಒಂದು ಗಂಟೆ, ಸ್ವಲ್ಪ ಹೆಚ್ಚು. ಅದು ಇಳಿಯುವಾಗ ನೋವು ಮೆಲ್ಲಗೆ ಬರಲ್ಲ, ಧಡಕ್ಕನೆ ಬರುತ್ತೆ, ಗಿರಾಕಿ ಅದುರಿದರೆ ಗೆರೆಯೂ ಅದುರುತ್ತೆ. ಆದ್ದರಿಂದ ಅತಿ ನೋಯುವ ಜಾಗ, ಉದ್ದ ಗೆರೆ ಮೊದಲು, ಶೇಡಿಂಗ್ ಕೊನೆಗೆ. ನಡುವೆ ಮತ್ತೆ ಇದೇ ಕ್ರೀಮ್ ಹಚ್ಚಬೇಡಿ: ಸೂಜಿಯಾಡಿದ ಚರ್ಮದಿಂದ ಔಷಧಿ ನೇರ ರಕ್ತಕ್ಕೆ ಹೋಗುತ್ತೆ.

ಕ್ಲಿಂಗ್ ಫಿಲ್ಮಿನ ಬದಲು ಗಾಯಕ್ಕೆ ಅಂಟಿಸುವ ಪಾರದರ್ಶಕ ಡ್ರೆಸಿಂಗ್ ಹಾಕಿ ನೋಡಿದೆ. ಅಂಚು ಚೆನ್ನಾಗಿ ಕೂರುತ್ತೆ, ಆದರೆ ಕೀಳುವಾಗ ಅಂಟು ಚರ್ಮ ಕೆಂಪಾಗಿಸಿ ಸ್ಟೆನ್ಸಿಲಿಗೆ ತೊಂದರೆ. ಬಿಸಿ ಪ್ಯಾಡ್ ಇಟ್ಟರೆ ಬೇಗ ಹಿಡಿಯುತ್ತೆ ಅನ್ನುವವರಿದ್ದಾರೆ. ಬಿಸಿಗೆ ಔಷಧಿ ಅಳತೆ ಮೀರಿ ಒಳಗೆ ಹೋಗುತ್ತೆ, ಬೇಡವೇ ಬೇಡ. ಅಂಗಾಲಿನ ದಪ್ಪ ಚರ್ಮದಲ್ಲಿ ಎರಡು ಗಂಟೆ ಬಿಟ್ಟರೂ ಅರೆಬರೆ.

ಹಿಂದಿನ ದಿನ ಮೊಣಕೈ ಒಳಗೆ ಕಾಳಿನಷ್ಟು ಹಚ್ಚಿ ಪರೀಕ್ಷೆ ಕಡ್ಡಾಯ. ಗರ್ಭಿಣಿಯರು, ಹೃದಯ ಬಡಿತದ ಮಾತ್ರೆ ತೆಗೆದುಕೊಳ್ಳುವವರು, ಕೆಂಪು ರಕ್ತಕಣ ಕಾಯುವ ಜಿ6ಪಿಡಿ ಕಿಣ್ವದ ಕೊರತೆ ಇರುವವರು, ಕುಷ್ಠರೋಗಕ್ಕೆ ಕೊಡುವ ಡ್ಯಾಪ್ಸೋನ್ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಬಂದರೆ ವಾಪಸ್ ಕಳಿಸುತ್ತೇನೆ, ಅಡ್ವಾನ್ಸ್ ಸಮೇತ. ಕಿವಿ ಗುಂಯ್‌ಗುಟ್ಟಿದರೆ, ತಲೆ ಸುತ್ತಿದರೆ ಕೂಡಲೇ ಕ್ರೀಮ್ ಒರೆಸಿ ವೈದ್ಯರಿಗೆ ತೋರಿಸಬೇಕು. ತುಟಿ ನೀಲಿಗಟ್ಟಿದರೆ ಅಥವಾ ಉಸಿರು ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ.