ಓಡಿದ ಮೇಲೆ ಬರುವ ಉಬ್ಬಸ: ಗುರುತಿಸುವ ಬಗೆ, ನಿಭಾಯಿಸುವ ಬಗೆ

ಮೈದಾನದಲ್ಲಿ ನಾಲ್ಕು ಸುತ್ತು ಓಡಿದವರಿಗೆಲ್ಲ ಏದುಸಿರು ಬರುತ್ತದೆ. ಓಟ ನಿಲ್ಲಿಸಿ ಎರಡು ಮೂರು ನಿಮಿಷ ಕಳೆಯುವಷ್ಟರಲ್ಲಿ ಅದು ತಾನಾಗಿಯೇ ಇಳಿಯತೊಡಗುತ್ತದೆ. ಕೆಲವರಲ್ಲಿ ಮಾತ್ರ ಇದು ತಿರುಗುಮುರುಗಾಗುತ್ತದೆ. ಓಡುವಷ್ಟು ಹೊತ್ತು ಹೇಗೋ ನಡೆದುಹೋಗುತ್ತದೆ, ನಿಂತ ಮೇಲೆ ಎದೆ ಬಿಗಿಯುತ್ತದೆ, ಒಣಕೆಮ್ಮು ಶುರುವಾಗುತ್ತದೆ, ಉಸಿರು ಬಿಡುವಾಗ ಸಿಳ್ಳೆಯಂತಹ ಸದ್ದು ಕೇಳಿಸುತ್ತದೆ. ವ್ಯಾಯಾಮದಿಂದ ಶ್ವಾಸನಾಳಗಳು ತಾತ್ಕಾಲಿಕವಾಗಿ ಕಿರಿದಾಗುವ ಈ ತೊಂದರೆಯನ್ನು ಗುರುತಿಸಲು ಸ್ಟೆತಾಸ್ಕೋಪಿಗಿಂತ ಮೊದಲು ಬೇಕಾಗುವುದು ಕೈಗಡಿಯಾರ.

ಸಾಮಾನ್ಯವಾಗಿ ಐದಾರು ನಿಮಿಷ ಬಿರುಸಾಗಿ ಓಡಿದ ಮೇಲೆ, ಅಥವಾ ಓಟ ನಿಲ್ಲಿಸಿದ ಕೆಲವೇ ನಿಮಿಷಗಳಲ್ಲಿ ತೊಂದರೆ ಕಾಣಿಸಿಕೊಳ್ಳುತ್ತದೆ. ನಿಂತ ನಂತರದ 5ರಿಂದ 15 ನಿಮಿಷಗಳ ಅವಧಿಯಲ್ಲಿ ಅತಿ ಹೆಚ್ಚಾಗಿ, ಅರ್ಧ ಗಂಟೆಯಿಂದ ಒಂದು ಗಂಟೆಯೊಳಗೆ ಇಳಿದುಹೋಗುತ್ತದೆ. ಇದಾದ ಬಳಿಕ ಸುಮಾರು ಅರ್ಧದಷ್ಟು ಜನರಿಗೆ ಒಂದರಿಂದ ಮೂರು ಗಂಟೆಗಳ ಕಾಲ ಒಂದು ಬಗೆಯ ವಿನಾಯಿತಿ ದೊರೆಯುತ್ತದೆ. ಆ ಹೊತ್ತಿನಲ್ಲಿ ಮತ್ತೆ ಓಡಿದರೂ ಮೊದಲಿನಷ್ಟು ಉಬ್ಬಸ ಬರುವುದಿಲ್ಲ. ಮೊದಲ ಪಂದ್ಯದಲ್ಲಿ ಎದೆ ಹಿಡಿದುಕೊಂಡು ಕುಳಿತ ಹುಡುಗ ಎರಡನೆಯ ಪಂದ್ಯದಲ್ಲಿ ಲವಲವಿಕೆಯಿಂದ ಆಡಿದರೆ, ಮೊದಲು ಅವನು ನಾಟಕ ಮಾಡುತ್ತಿದ್ದನೆಂದು ತರಬೇತುದಾರರು ತೀರ್ಮಾನಿಸಿಬಿಡುವುದುಂಟು. ವಾಸ್ತವದಲ್ಲಿ ಆ ವರ್ತನೆಯೇ ರೋಗದ ಒಂದು ಗುರುತು.

ಚಿಕ್ಕ ಮಕ್ಕಳು ಉಬ್ಬಸವೆಂಬ ಪದವನ್ನು ಬಳಸುವುದಿಲ್ಲ. ಎದೆ ನೋವು, ಹೊಟ್ಟೆ ನೋವು ಎನ್ನುತ್ತಾರೆ, ಆಟದ ಪೀರಿಯಡ್ ಬಂದಾಗ ತರಗತಿಯಲ್ಲೇ ಉಳಿಯುತ್ತಾರೆ, ಫುಟ್‌ಬಾಲಿನಲ್ಲಿ ಸದಾ ಗೋಲ್ ಕಾಯಲು ಮುಂದಾಗುತ್ತಾರೆ. ದೊಡ್ಡವರಲ್ಲಿ ಓಟದ ನಂತರದ ಕೆಮ್ಮೊಂದೇ ಏಕೈಕ ಲಕ್ಷಣವಾಗಿರಬಹುದು. ಆದುದರಿಂದ ವೈದ್ಯರನ್ನು ಕಾಣುವ ಮೊದಲು ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಯಾವ ವ್ಯಾಯಾಮ, ಎಷ್ಟು ಹೊತ್ತು, ಲಕ್ಷಣ ಶುರುವಾದ ನಿಮಿಷ, ಇಳಿದ ನಿಮಿಷ, ಅಂದಿನ ಚಳಿ ಅಥವಾ ಧೂಳು, ನೆಗಡಿ ಇತ್ತೇ ಎಂಬ ವಿವರಗಳನ್ನು ಬರೆದಿಡುವುದು ಒಳ್ಳೆಯದು.

ಗಾಳಿ ಒಣಗಿದಷ್ಟೂ ತೊಂದರೆ

ಸುಮ್ಮನೆ ಕುಳಿತಾಗ ನಾವು ನಿಮಿಷಕ್ಕೆ ಸುಮಾರು 6ರಿಂದ 8 ಲೀಟರ್ ಗಾಳಿಯನ್ನು ಮೂಗಿನ ಮೂಲಕ ಎಳೆದುಕೊಳ್ಳುತ್ತೇವೆ, ಮತ್ತು ಮೂಗು ಅದನ್ನು ಬೆಚ್ಚಗೆ, ತೇವವಾಗಿ ಮಾಡಿ ಒಳಗೆ ಕಳುಹಿಸುತ್ತದೆ. ಬಿರುಸಿನ ಓಟದಲ್ಲಿ ಈ ಪ್ರಮಾಣ ನಿಮಿಷಕ್ಕೆ 100 ಲೀಟರನ್ನೂ ಮೀರಬಹುದು. ಆಗ ಬಾಯಿಯಿಂದ ಉಸಿರಾಡದೆ ಗತ್ಯಂತರವಿಲ್ಲ. ಒಣಗಾಳಿ ನೇರವಾಗಿ ಒಳಹೊಕ್ಕು ಶ್ವಾಸನಾಳದ ಒಳಪದರದ ನೀರನ್ನು ಹೀರಿಕೊಳ್ಳುತ್ತದೆ, ಅಲ್ಲಿ ಉಳಿದ ದ್ರವದಲ್ಲಿ ಲವಣಾಂಶ ದಟ್ಟವಾಗುತ್ತದೆ, ಇದರಿಂದ ಕೆರಳಿದ ಜೀವಕೋಶಗಳು ಹಿಸ್ಟಮಿನ್, ಲ್ಯುಕೋಟ್ರೀನ್ ಮುಂತಾದ ರಾಸಾಯನಿಕಗಳನ್ನು ಬಿಡುಗಡೆ ಮಾಡುತ್ತವೆ, ನಾಳದ ಸುತ್ತಲಿನ ಸ್ನಾಯುಗಳು ಬಿಗಿಯುತ್ತವೆ.

ಡಿಸೆಂಬರ್, ಜನವರಿಯ ನಸುಕಿನಲ್ಲಿ ಬೆಂಗಳೂರಿನ ಉದ್ಯಾನದಲ್ಲಿ ಓಡಿದರೆ ಕೆಮ್ಮುವ ವ್ಯಕ್ತಿ ಮಂಗಳೂರಿನ ಕಡಲತೀರದ ತೇವದ ಗಾಳಿಯಲ್ಲಿ ಅಷ್ಟೇ ದೂರವನ್ನು ತೊಂದರೆಯಿಲ್ಲದೆ ಓಡಬಲ್ಲ ಎಂಬುದಕ್ಕೆ ಇದೇ ವಿವರಣೆ. ಧೂಳು, ವಾಹನದ ಹೊಗೆ, ಪರಾಗ ಸೇರಿದರೆ ತೊಂದರೆ ಇನ್ನಷ್ಟು ಹೆಚ್ಚುತ್ತದೆ. ಮೈದಾನದ ಅಂಚಿನಲ್ಲಿ ಹೂಬಿಟ್ಟು ನಿಂತ ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಗಿಡ, ಅಲರ್ಜಿ ಇರುವವರಿಗೆ ಚಳಿಗಿಂತ ದೊಡ್ಡ ಶತ್ರು.

ಚಿಕಿತ್ಸೆ ಪಡೆಯದ ಅಸ್ತಮಾ ಇರುವವರಲ್ಲಿ ಬಹುಪಾಲು ಜನರಿಗೆ ವ್ಯಾಯಾಮದಿಂದ ಉಬ್ಬಸ ಬರುತ್ತದೆ. ಅಸ್ತಮಾ ಇಲ್ಲದವರಿಗೂ, ವಿಶೇಷವಾಗಿ ದಿನಕ್ಕೆ ಗಂಟೆಗಟ್ಟಲೆ ತರಬೇತಿ ಮಾಡುವ ಕ್ರೀಡಾಪಟುಗಳಿಗೆ, ಇದು ಬರಬಹುದು. ಈ ಎರಡು ಗುಂಪುಗಳಿಗೆ ಚಿಕಿತ್ಸೆ ಒಂದೇ ಅಲ್ಲದ ಕಾರಣ, ವೈದ್ಯರು ಮೊದಲು ಕೇಳುವ ಪ್ರಶ್ನೆ ರಾತ್ರಿಯ ಕೆಮ್ಮಿನದು: ಓಡದ ದಿನಗಳಲ್ಲಿಯೂ ಉಬ್ಬಸ, ಬೆಳಗಿನ ಜಾವದ ಕೆಮ್ಮು ಇದ್ದರೆ ಅದು ಹತೋಟಿಗೆ ಬಾರದ ಅಸ್ತಮಾ, ವ್ಯಾಯಾಮ ಅದನ್ನು ಹೊರಗೆ ತೋರಿಸುತ್ತಿದೆ ಅಷ್ಟೆ.

ಇದೇ ಎಂದು ಖಚಿತಪಡಿಸಿಕೊಳ್ಳುವುದು

ಲಕ್ಷಣಗಳನ್ನಷ್ಟೇ ನಂಬಿ ಔಷಧಿ ಶುರುಮಾಡಿದರೆ ಮೋಸ ಹೋಗುವ ಸಂಭವ ಹೆಚ್ಚು. ಓಟದ ನಡುವೆಯೇ ಗಂಟಲು ಹಿಸುಕಿದಂತಾಗಿ, ಉಸಿರು ಒಳಗೆಳೆದುಕೊಳ್ಳುವಾಗ ಕರ್ಕಶ ಸದ್ದು ಬಂದು, ನಿಂತ ಐದು ನಿಮಿಷದೊಳಗೆ ಎಲ್ಲವೂ ಸರಿಹೋದರೆ ಅದು ಧ್ವನಿತಂತುಗಳು ತಪ್ಪಾಗಿ ಮುಚ್ಚಿಕೊಳ್ಳುವ ತೊಂದರೆಯಾಗಿರಬಹುದು. ಅದಕ್ಕೆ ಇನ್ಹೇಲರ್ ಕೆಲಸ ಮಾಡದು, ಉಸಿರಾಟದ ತರಬೇತಿ ಬೇಕು. ಬೇಗ ಸುಸ್ತಾಗುವ ಹೆಣ್ಣುಮಕ್ಕಳಲ್ಲಿ ರಕ್ತಹೀನತೆಯನ್ನು ಮೊದಲು ಪರೀಕ್ಷಿಸಬೇಕು. ವ್ಯಾಯಾಮದ ನಡುವೆ ತಲೆಸುತ್ತಿ ಬಿದ್ದರೆ, ಎದೆ ಡವಗುಟ್ಟಿ ನೋವು ಬಂದರೆ, ಅಥವಾ ಕುಟುಂಬದಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲಿ ಹಠಾತ್ತಾಗಿ ತೀರಿಕೊಂಡಿದ್ದರೆ, ಅಸ್ತಮಾದ ಮಾತನ್ನು ಬದಿಗಿಟ್ಟು ಹೃದಯದ ಪರೀಕ್ಷೆ ಮಾಡಿಸಲೇಬೇಕು.

ಖಚಿತವಾದ ಪರೀಕ್ಷೆಯೆಂದರೆ ವ್ಯಾಯಾಮದ ಮೊದಲು ಮತ್ತು ನಂತರ ಮಾಡುವ ಸ್ಪೈರೋಮೆಟ್ರಿ, ಅಂದರೆ ಊದಿದ ಗಾಳಿಯನ್ನು ಅಳೆಯುವ ಪರೀಕ್ಷೆ. ಮೊದಲು ಯಂತ್ರಕ್ಕೆ ಊದಿಸಿ, ಟ್ರೆಡ್‌ಮಿಲ್ ಅಥವಾ ಸೈಕಲ್ ಮೇಲೆ 6ರಿಂದ 8 ನಿಮಿಷ ಹೃದಯಬಡಿತ ಗರಿಷ್ಠದ 80–90 ಶೇಕಡಾ ಮುಟ್ಟುವಂತೆ ವ್ಯಾಯಾಮ ಮಾಡಿಸಿ, ಆ ಬಳಿಕ ಅರ್ಧ ಗಂಟೆಯವರೆಗೆ ಮತ್ತೆ ಮತ್ತೆ ಊದಿಸಲಾಗುತ್ತದೆ. ಮೊದಲ ಒಂದು ಸೆಕೆಂಡಿನಲ್ಲಿ ಹೊರಬೀಳುವ ಗಾಳಿಯ ಪ್ರಮಾಣ ಶೇಕಡಾ 10 ಅಥವಾ ಅದಕ್ಕಿಂತ ಹೆಚ್ಚು ಕುಸಿದರೆ ರೋಗನಿರ್ಣಯವಾದಂತೆ. ಕುಳಿತಲ್ಲಿ ಮಾಡಿದ ಸಾಧಾರಣ ಸ್ಪೈರೋಮೆಟ್ರಿ ಸರಿಯಾಗಿ ಬಂದಿತೆಂಬುದರಿಂದ ಈ ತೊಂದರೆ ಇಲ್ಲವೆಂದು ಅರ್ಥವಲ್ಲ. ಈ ತಪ್ಪು ತಿಳಿವಳಿಕೆಯಿಂದ ವರ್ಷಗಟ್ಟಲೆ ಚಿಕಿತ್ಸೆ ತಪ್ಪುತ್ತದೆ.

ಇಂತಹ ಸೌಲಭ್ಯ ಹತ್ತಿರದಲ್ಲಿಲ್ಲದವರಿಗೆ ಔಷಧಿ ಅಂಗಡಿಯಲ್ಲಿ ಸಿಗುವ, ಊದಿದ ಉಸಿರಿನ ವೇಗವನ್ನು ಅಳೆಯುವ ಪೀಕ್ ಫ್ಲೋ ಮೀಟರ್ ನೆರವಾಗುತ್ತದೆ. ಓಡುವ ಮೊದಲು ನಿಂತುಕೊಂಡು ಮೂರು ಸಲ ಜೋರಾಗಿ ಊದಿ ದೊಡ್ಡ ಸಂಖ್ಯೆಯನ್ನು ಬರೆದುಕೊಳ್ಳಬೇಕು, ಆರೇಳು ನಿಮಿಷ ಬಿರುಸಾಗಿ ಓಡಿ, ನಿಂತ ಮೇಲೆ 5, 10, 15, 20, 30ನೆಯ ನಿಮಿಷಗಳಲ್ಲಿ ಮತ್ತೆ ಊದಬೇಕು. ಮೊದಲು 400 ಇದ್ದದ್ದು 340ಕ್ಕೆ ಇಳಿದರೆ ಶೇಕಡಾ 15ರ ಕುಸಿತವಾಯಿತು. ಆ ಚೀಟಿಯನ್ನು ವೈದ್ಯರಿಗೆ ತೋರಿಸಲು ಅಷ್ಟು ಸಾಕು. ಈ ಪ್ರಯೋಗವನ್ನು ಒಂಟಿಯಾಗಿ ಮಾಡಬಾರದು, ಉಬ್ಬಸ ಈಗಾಗಲೇ ಇರುವ ದಿನ ಮಾಡಬಾರದು, ಹಿಂದೆ ಅಸ್ತಮಾದಿಂದ ಆಸ್ಪತ್ರೆ ಸೇರಿದವರು ಮಾಡಲೇಬಾರದು.

ಮೈದಾನಕ್ಕಿಳಿಯುವ ಮೊದಲು

ಔಷಧಿಯಿಲ್ಲದ ಉಪಾಯಗಳಲ್ಲಿ ಅತ್ಯಂತ ಫಲಕಾರಿಯಾದದ್ದು ಸರಿಯಾದ ವಾರ್ಮ್‌ಅಪ್. ಕೈಕಾಲು ಎರಡು ಸಲ ಬೀಸಿ ಓಟಕ್ಕೆ ನಿಲ್ಲುವುದು ಇದಕ್ಕೆ ಸಾಲದು. ಹತ್ತು ಹದಿನೈದು ನಿಮಿಷ ನಿಧಾನವಾಗಿ ಓಡುತ್ತ, ನಡುನಡುವೆ ಅರ್ಧ ನಿಮಿಷದ ಬಿರುಸಿನ ಓಟಗಳನ್ನು ಸೇರಿಸಿದರೆ, ಮೇಲೆ ಹೇಳಿದ ವಿನಾಯಿತಿಯ ಅವಧಿಯನ್ನು ಪಂದ್ಯಕ್ಕೆ ಮೊದಲೇ ಗಳಿಸಿಕೊಳ್ಳಬಹುದು. ಪೊಲೀಸ್ ನೇಮಕಾತಿಯ 1600 ಮೀಟರ್ ಓಟಕ್ಕೆ ಬೆಳಗಿನ ಚಳಿಯಲ್ಲಿ ಸಾಲುಗಟ್ಟಿ ನಿಲ್ಲುವ ಅಭ್ಯರ್ಥಿಗಳು ಇದನ್ನು ವಿಶೇಷವಾಗಿ ಗಮನಿಸಬೇಕು, ಏಕೆಂದರೆ ಆರೇಳು ನಿಮಿಷಗಳ ನಿರಂತರ ಬಿರುಸಿನ ಓಟವೆಂದರೆ ಆಸ್ಪತ್ರೆಯಲ್ಲಿ ಉಬ್ಬಸ ಬರಿಸಲೆಂದೇ ಮಾಡಿಸುವ ಪರೀಕ್ಷೆಗೆ ಸಮ.

ಚಳಿಯಲ್ಲಿ ಮೂಗು ಬಾಯಿಗೆ ತೆಳ್ಳಗಿನ ಬಟ್ಟೆ ಸುತ್ತಿಕೊಂಡರೆ ಬಿಟ್ಟ ಉಸಿರಿನ ತೇವವೇ ಮರಳಿ ಒಳಗೆ ಹೋಗುತ್ತದೆ. ಬಿಸಿಲೇರಿದ ಮೇಲೆ ಓಡಬಹುದು, ವಾಹನ ದಟ್ಟಣೆಯ ರಸ್ತೆಯನ್ನು ಬಿಡಬಹುದು. ನೆಗಡಿ, ಜ್ವರವಿದ್ದಾಗ ಬಿರುಸಿನ ವ್ಯಾಯಾಮ ಬೇಡ. ಸ್ವಲ್ಪ ಓಡಿ ಸ್ವಲ್ಪ ನಿಲ್ಲುವ ಕ್ರಿಕೆಟ್, ಕಬಡ್ಡಿ, ವಾಲಿಬಾಲ್‌ಗಳು ದೂರದ ಓಟಕ್ಕಿಂತ ಸುಲಭವಾಗಿ ಒಗ್ಗುತ್ತವೆ. ತೇವದ ಗಾಳಿಯಿರುವುದರಿಂದ ಈಜು ಒಳ್ಳೆಯದೆನ್ನುತ್ತಾರೆ. ಮುಚ್ಚಿದ ಕೊಳದಲ್ಲಿ ಕ್ಲೋರಿನ್ ವಾಸನೆ ಮೂಗಿಗೆ ಬಡಿಯುವಂತಿದ್ದರೆ ಅದು ಕೆಲವರಿಗೆ ಉಲ್ಟಾ ಹೊಡೆಯುತ್ತದೆ.

ಔಷಧಿಯ ಮಾತು

ವ್ಯಾಯಾಮಕ್ಕೆ 10–15 ನಿಮಿಷ ಮೊದಲು ಶ್ವಾಸನಾಳಗಳನ್ನು ಹಿಗ್ಗಿಸುವ ಸಾಲ್ಬುಟಮಾಲ್ ಇನ್ಹೇಲರಿನ ಎರಡು ಪಫ್ ಎಳೆದುಕೊಳ್ಳುವುದು ದಶಕಗಳಿಂದ ಬಂದ ಕ್ರಮ. ಅಸ್ತಾಲಿನ್ ಎಂಬ ಹೆಸರಿನಲ್ಲಿ ನಮ್ಮಲ್ಲಿ ಹೆಚ್ಚು ಪರಿಚಿತವಾಗಿರುವುದು ಇದೇ ಔಷಧಿ. ಇದರ ರಕ್ಷಣೆ ಎರಡರಿಂದ ನಾಲ್ಕು ಗಂಟೆ ಇರುತ್ತದೆ. ಆದರೆ ಪ್ರತಿದಿನ ಇದನ್ನೊಂದನ್ನೇ ನಂಬಿಕೊಂಡರೆ ದೇಹ ಅದಕ್ಕೆ ಒಗ್ಗಿ ರಕ್ಷಣೆಯ ಅವಧಿ ಕುಗ್ಗುತ್ತದೆ, ಒಳಗಿನ ಉರಿಯೂತವೂ ಹಾಗೆಯೇ ಉಳಿಯುತ್ತದೆ. ಈ ಕಾರಣಕ್ಕಾಗಿ ಅಸ್ತಮಾ ಚಿಕಿತ್ಸೆಯ ಜಾಗತಿಕ ಮಾರ್ಗಸೂಚಿಗಳನ್ನು ಹೊರತರುವ ಜಿನಾ 2019ರಿಂದ, ಅಸ್ತಮಾ ಇರುವ ವಯಸ್ಕರು ಮತ್ತು ಹದಿಹರೆಯದವರು ಸಾಲ್ಬುಟಮಾಲ್ ಒಂದರಿಂದಲೇ ಚಿಕಿತ್ಸೆ ಪಡೆಯಬಾರದೆಂದು ಹೇಳುತ್ತಿದೆ. ಬುಡೆಸೊನೈಡ್ ಎಂಬ ಉರಿಯೂತ ತಗ್ಗಿಸುವ ಸ್ಟೀರಾಯ್ಡ್ ಮತ್ತು ಶ್ವಾಸನಾಳ ಹಿಗ್ಗಿಸುವ ಫಾರ್ಮೊಟೆರಾಲ್ ಸೇರಿದ ಇನ್ಹೇಲರನ್ನು ವ್ಯಾಯಾಮಕ್ಕೆ ಮೊದಲು ಬಳಸುವುದು, ಅಥವಾ ಸ್ಟೀರಾಯ್ಡ್ ಇನ್ಹೇಲರನ್ನು ಪ್ರತಿದಿನ ತೆಗೆದುಕೊಳ್ಳುವುದು ಈಗಿನ ದಾರಿ. ಸ್ಟೀರಾಯ್ಡ್ ಇನ್ಹೇಲರಿನ ಪೂರ್ತಿ ಪ್ರಯೋಜನ ತಿಳಿಯಲು ಎರಡರಿಂದ ನಾಲ್ಕು ವಾರ ಬೇಕಾಗುವುದರಿಂದ, ನಾಲ್ಕು ದಿನ ಬಳಸಿ ಗುಣ ಕಾಣಲಿಲ್ಲವೆಂದು ಬಿಟ್ಟುಬಿಡುವುದು ಸರಿಯಲ್ಲ.

ಸ್ಟೀರಾಯ್ಡ್ ಎಂಬ ಹೆಸರಿಗೇ ಬೆಚ್ಚುವ ಪೋಷಕರು ನಮ್ಮಲ್ಲಿ ಬಹಳ. ಇನ್ಹೇಲರಿನಲ್ಲಿರುವುದು ಮೈಕ್ರೋಗ್ರಾಂಗಳ ಲೆಕ್ಕದ ಪ್ರಮಾಣ, ಅದು ನೇರವಾಗಿ ಶ್ವಾಸನಾಳಕ್ಕೆ ಹೋಗುತ್ತದೆ. ಬಳಸಿದ ನಂತರ ಬಾಯಿ ಮುಕ್ಕಳಿಸಿ ಉಗುಳಿದರೆ ಬಾಯಿಹುಣ್ಣಿನ ಕಾಟವೂ ತಪ್ಪುತ್ತದೆ. ಪಂಪ್ ಒಮ್ಮೆ ಹಿಡಿದರೆ ಜೀವನಪೂರ್ತಿ ಬಿಡಲಾಗದು ಎಂಬ ಮಾತಿಗೂ ಆಧಾರವಿಲ್ಲ. ಮೃಗಶಿರಾ ಮಳೆ ಕೂಡುವ ದಿನ ಹೈದರಾಬಾದಿಗೆ ಹೋಗಿ ಜೀವಂತ ಮೀನಿನ ಜೊತೆ ಔಷಧಿ ನುಂಗಿ ಬರುವವರು ನಮ್ಮ ರಾಜ್ಯದಲ್ಲಿಯೂ ಇದ್ದಾರೆ. ಅದರಿಂದ ಅಸ್ತಮಾ ವಾಸಿಯಾಗುತ್ತದೆಂಬುದಕ್ಕೆ ವೈಜ್ಞಾನಿಕ ಪುರಾವೆಯಿಲ್ಲ, ಹೋಗಿ ಬಂದವರು ಇನ್ಹೇಲರ್ ನಿಲ್ಲಿಸುವುದಂತೂ ಅಪಾಯಕರ.

ಮಾಂಟೆಲುಕಾಸ್ಟ್ ಮಾತ್ರೆಯನ್ನು ವ್ಯಾಯಾಮಕ್ಕೆ ಕನಿಷ್ಠ ಎರಡು ಗಂಟೆ ಮೊದಲು ತೆಗೆದುಕೊಂಡರೆ ಕೆಲವರಿಗೆ ಉಪಯೋಗವಾಗುತ್ತದೆ. ಇದು ನೆಗಡಿಯ ಮಾತ್ರೆಗಳ ಜೊತೆ ಸೇರಿ ಚೀಟಿಯಿಲ್ಲದೆಯೂ ಮಾರಾಟವಾಗುತ್ತಿರುವುದು ನನಗೆ ಹಿಡಿಸದ ಸಂಗತಿ. ಮನಸ್ಸಿನ ತಳಮಳ, ನಿದ್ರಾಭಂಗ, ಆತ್ಮಹತ್ಯೆಯ ಆಲೋಚನೆಗಳ ಕುರಿತು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಇದರ ಮೇಲೆ ಅತ್ಯಂತ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದೆ.

ಇನ್ಹೇಲರ್ ಕೆಲಸ ಮಾಡುತ್ತಿಲ್ಲ ಎನ್ನುವವರಲ್ಲಿ ಹಲವರ ಔಷಧಿ ನಾಲಿಗೆಯ ಮೇಲೆಯೇ ಉಳಿದಿರುತ್ತದೆ. ಪಂಪನ್ನು ಚೆನ್ನಾಗಿ ಅಲುಗಾಡಿಸಿ, ಉಸಿರನ್ನು ಪೂರ್ತಿ ಹೊರಬಿಟ್ಟು, ತುಟಿಗಳಿಂದ ಪಂಪಿನ ಬಾಯಿಯನ್ನು ಬಿಗಿಯಾಗಿ ಮುಚ್ಚಿ, ನಿಧಾನವಾಗಿ ಉಸಿರೆಳೆಯಲು ಶುರುಮಾಡಿದ ಕ್ಷಣದಲ್ಲಿ ಒತ್ತಬೇಕು. ಆಳವಾಗಿ ಎಳೆದು ಹತ್ತು ಎಣಿಸುವವರೆಗೆ ಉಸಿರು ಹಿಡಿಯಬೇಕು. ಎರಡನೆಯ ಪಫ್‌ಗೆ ಅರ್ಧದಿಂದ ಒಂದು ನಿಮಿಷ ಬಿಡಬೇಕು. ಒತ್ತುವುದು, ಎಳೆಯುವುದು ಜೊತೆಯಾಗಿ ಬಾರದಿದ್ದರೆ ಸ್ಪೇಸರ್, ಅಂದರೆ ಪಂಪಿಗೆ ಜೋಡಿಸುವ ಟೊಳ್ಳು ಕೊಳವೆ, ಬಳಸಬೇಕು. ಮಕ್ಕಳಿಗಂತೂ ಅದು ಬೇಕೇ ಬೇಕು. ಪುಡಿಯ ಕ್ಯಾಪ್ಸೂಲ್ ಹಾಕುವ ರೋಟಾಹೇಲರಿನಲ್ಲಿ ಕ್ರಮ ಬೇರೆ: ಅಲ್ಲಿ ವೇಗವಾಗಿ, ಜೋರಾಗಿ ಎಳೆಯಬೇಕು.

ಉಬ್ಬಸ ಬಂದಾಗ

ಆಟ ತಕ್ಷಣ ನಿಲ್ಲಿಸಿ, ನೇರವಾಗಿ ಕುಳ್ಳಿರಿಸಬೇಕು. ಮಲಗಿಸಬಾರದು, ಸುತ್ತ ಗುಂಪು ಸೇರಬಾರದು. ಸ್ಪೇಸರ್ ಮೂಲಕ ಸಾಲ್ಬುಟಮಾಲ್ ಒಂದೊಂದಾಗಿ ನಾಲ್ಕು ಪಫ್ ಕೊಡಬೇಕು, ಪ್ರತಿ ಪಫ್‌ಗೆ ನಾಲ್ಕು ಸಲ ಉಸಿರಾಡಿಸಿ, ನಾಲ್ಕು ನಿಮಿಷ ಕಾಯಬೇಕು. ಇಳಿಯದಿದ್ದರೆ ಮತ್ತೆ ನಾಲ್ಕು ಪಫ್ ಕೊಟ್ಟು 108ಕ್ಕೆ ಕರೆ ಮಾಡಬೇಕು, ಆಂಬ್ಯುಲೆನ್ಸ್ ಬರುವವರೆಗೂ ಇದನ್ನೇ ಮುಂದುವರಿಸಬೇಕು. ಒಂದು ವಾಕ್ಯವನ್ನು ಪೂರ್ತಿ ಹೇಳಲಾಗದಿದ್ದರೆ, ತುಟಿ ನೀಲಿಗಟ್ಟಿದರೆ, ಮಂಪರು ಕವಿದರೆ ಕಾಯದೆ ಮೊದಲೇ ಕರೆ ಮಾಡಬೇಕು. ಸಿಳ್ಳೆ ಸದ್ದು ನಿಂತರೂ ರೋಗಿ ಒದ್ದಾಡುತ್ತಿದ್ದರೆ ಅದು ಗುಣವಲ್ಲ, ಗಾಳಿಯೇ ಓಡಾಡುತ್ತಿಲ್ಲವೆಂಬುದರ ಸೂಚನೆ.

ಶಾಲೆ, ಸ್ಪರ್ಧೆ

1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಅಮೆರಿಕ ತಂಡದ 597 ಕ್ರೀಡಾಪಟುಗಳ ಪೈಕಿ 67 ಮಂದಿಗೆ ಈ ತೊಂದರೆ ಇತ್ತು, ಅವರು ಗೆದ್ದ ಪದಕಗಳು 41. ಈ ಲೆಕ್ಕವನ್ನು ಕೈಯಲ್ಲಿಟ್ಟುಕೊಂಡು ಪಿ.ಟಿ. ಮಾಸ್ತರರ ಬಳಿ ಮಾತನಾಡಬಹುದು: ಮಗುವಿಗೆ ಆಟದಿಂದ ವಿನಾಯಿತಿ ಬೇಡ, ವಾರ್ಮ್‌ಅಪ್‌ಗೆ ಹದಿನೈದು ನಿಮಿಷ ಬೇಕು, ಇನ್ಹೇಲರ್ ಆಫೀಸಿನ ಬೀರುವಿನಲ್ಲಿ ಬೀಗ ಹಾಕಿಕೊಂಡಿರದೆ ಮೈದಾನದ ಅಂಚಿನ ಚೀಲದಲ್ಲಿರಬೇಕು. ವೈದ್ಯರು ಬರೆದುಕೊಟ್ಟ ಒಂದು ಪುಟದ ಸೂಚನೆಯ ಪ್ರತಿಯನ್ನು ಅದರ ಜೊತೆಗೇ ಇಡುವುದು ಉತ್ತಮ.

ರಾಜ್ಯ, ರಾಷ್ಟ್ರ ಮಟ್ಟದಲ್ಲಿ ಸ್ಪರ್ಧಿಸುವವರು ಉದ್ದೀಪನ ಮದ್ದಿನ ನಿಯಮವನ್ನೂ ತಿಳಿದಿರಬೇಕು. ಇನ್ಹೇಲರ್ ಮೂಲಕ ಸಾಲ್ಬುಟಮಾಲ್ ಬಳಸಲು ಅನುಮತಿಯಿದೆ, ಆದರೆ 24 ಗಂಟೆಗಳಲ್ಲಿ 1600 ಮೈಕ್ರೋಗ್ರಾಂ ಮತ್ತು ಯಾವುದೇ 8 ಗಂಟೆಗಳಲ್ಲಿ 600 ಮೈಕ್ರೋಗ್ರಾಂ ಮೀರಬಾರದು. ಮಾತ್ರೆ, ಸಿರಪ್ ರೂಪದ ಸಾಲ್ಬುಟಮಾಲ್ ನಿಷಿದ್ಧ. ಶ್ವಾಸನಾಳ ಹಿಗ್ಗಿಸುವ ಇನ್ನೊಂದು ಔಷಧಿಯಾದ ಟರ್ಬುಟಲೀನ್ ಪೂರ್ವಾನುಮತಿಯಿಲ್ಲದೆ ಯಾವ ರೂಪದಲ್ಲಿಯೂ ಸಲ್ಲದು, ಮತ್ತು ನಮ್ಮ ಔಷಧಿ ಅಂಗಡಿಗಳಲ್ಲಿ ಕೈಗೆ ಸಿಗುವ ಎಷ್ಟೋ ಕೆಮ್ಮಿನ ಸಿರಪ್‌ಗಳಲ್ಲಿ ಇರುವುದು ಅದೇ. ಓಟದ ನಂತರದ ಕೆಮ್ಮನ್ನು ಸಾಧಾರಣ ಕೆಮ್ಮೆಂದು ತಿಳಿದು ಪಂದ್ಯದ ಹಿಂದಿನ ರಾತ್ರಿ ಸಿರಪ್ ಕುಡಿಯುವ ಮೊದಲು ಬಾಟಲಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದಬೇಕು.