ಹಳದಿಯಾದರೆ ಸಾಲದು: ಎಲ್‌ಪಿಕ್ಯಾಟ್3 ಕಿಣ್ವದ ವೇಗ ಅಳೆಯುವುದು ಹೇಗೆ?

ಪೊರೆಯ ಫಾಸ್ಫೊಲಿಪಿಡ್‌ಗೆ ಕೊಬ್ಬಿನ ಬಾಲ ಎರಡು. ಒಂದನ್ನು ಕತ್ತರಿಸಿ ಬೇರೊಂದನ್ನು ಜೋಡಿಸುವ ಕೆಲಸ ಜೀವಕೋಶದಲ್ಲಿ ಸದಾ ನಡೆದೇ ಇರುತ್ತದೆ. ವಿಲಿಯಂ ಲ್ಯಾಂಡ್ಸ್ 1958ರಲ್ಲಿ ವಿವರಿಸಿದ ಈ ಚಕ್ರಕ್ಕೆ ಅವರದೇ ಹೆಸರು. ಯಕೃತ್ತಿನಲ್ಲಿ ಅರಾಕಿಡೊನಿಕ್, ಲಿನೊಲಿಯಿಕ್ ಬಾಲಗಳನ್ನು ಲೈಸೊಪಿಸಿಗೆ (ಒಂದೇ ಬಾಲ ಉಳಿದ ಫಾಸ್ಫೊಲಿಪಿಡ್‌ಗೆ) ಜೋಡಿಸುವುದು ಮುಖ್ಯವಾಗಿ ಎಲ್‌ಪಿಕ್ಯಾಟ್3. ಬಾಲ ಕೂತ ಕೂಡಲೇ ಅದನ್ನು ಹೊತ್ತು ತಂದ ಕೋಎ (ಕೋಎನ್‌ಜೈಮ್ ಎ) ಬಿಡುಗಡೆಯಾಗುತ್ತದೆ. ಅದರ ಥಯಾಲ್ (ಗಂಧಕ-ಜಲಜನಕದ ಗುಂಪು) ಡಿಟಿಎನ್‌ಬಿ ಎಂಬ ರಾಸಾಯನಿಕದ ಜೊತೆ ವರ್ತಿಸಿ ಹಳದಿ ಬಣ್ಣ ಕೊಡುತ್ತದೆ.

ಹೆಪ್‌ಜಿ2 ಕೋಶಗಳನ್ನು (ಲ್ಯಾಬಿನಲ್ಲಿ ಬೆಳೆಸುವ ಮಾನವ ಯಕೃತ್ತಿನ ಕ್ಯಾನ್ಸರ್ ಕೋಶಗಳನ್ನು) 0.25 ಮೋಲಾರ್ ಸುಕ್ರೋಸ್, 10 ಮಿಲಿಮೋಲಾರ್ ಟ್ರಿಸ್ (ಪಿಎಚ್ 7.4) ದ್ರಾವಣದಲ್ಲಿ, ಐಸ್ ಮೇಲಿಟ್ಟು ಅರೆಯಿರಿ. 10,000 ಜಿ (ಗುರುತ್ವದ 10,000 ಪಟ್ಟು) ಬಲದಲ್ಲಿ 15 ನಿಮಿಷ ತಿರುಗಿಸಿ, ತಳದ್ದನ್ನು ಬಿಡಿ. ಮೇಲಿನ ದ್ರವವನ್ನು 4 ಡಿಗ್ರಿಯಲ್ಲಿ 1,00,000 ಜಿಗೆ ಒಂದು ಗಂಟೆ ತಿರುಗಿಸಿದರೆ ತಳದಲ್ಲಿ ಕೂರುವುದೇ ಮೈಕ್ರೊಸೋಮ್, ಅಂದರೆ ಕೋಶದೊಳಗಿನ ಪೊರೆಯ ಚೂರುಗಳು. ಇಷ್ಟು ಜೋರಾಗಿ ತಿರುಗಿಸುವ ಅಲ್ಟ್ರಾಸೆಂಟ್ರಿಫ್ಯೂಜ್‌ಗಾಗಿ ಬೆಂಗಳೂರಿನ ಐಐಎಸ್‌ಸಿಗೋ ಜಿಕೆವಿಕೆ ಆವರಣದ ಎನ್‌ಸಿಬಿಎಸ್‌ಗೋ ಒಯ್ಯುವುದಾದರೆ ಐಸ್ ಧಾರಾಳವಾಗಿರಲಿ. ಮೇಖ್ರಿ ಸರ್ಕಲ್ ಸಿಗ್ನಲ್ ನಿಮ್ಮ ಕಿಣ್ವಕ್ಕಾಗಿ ಕಾಯುವುದಿಲ್ಲ.

ಅಭ್ಯಾಸಬಲದಿಂದ ಬಫರ್‌ಗೆ ಡಿಟಿಟಿ ಅಥವಾ ಮರ್ಕ್ಯಾಪ್ಟೊಎಥನಾಲ್ ಸೇರಿಸಿದರೆ ಕೆಲಸ ಕೆಟ್ಟಂತೆಯೇ: ಅವುಗಳ ಥಯಾಲ್‌ನಿಂದಲೇ ಕ್ಯೂವೆಟ್ (ಬಣ್ಣ ಅಳೆಯುವ ಪುಟ್ಟ ಪಾತ್ರೆ) ಹಳದಿಯಾಗುತ್ತದೆ. ಸೋಪಿನಂತೆ ಪೊರೆಯನ್ನು ಬಿಚ್ಚುವ ಟ್ರೈಟಾನ್ ಕೂಡ ಬೇಡ.

ಒಂದು ಮಿಲಿಲೀಟರ್ ಕ್ಯೂವೆಟ್‌ಗೆ 100 ಮಿಲಿಮೋಲಾರ್ ಟ್ರಿಸ್ (ಪಿಎಚ್ 7.4), ಆಗಷ್ಟೇ ಕರಗಿಸಿದ ಡಿಟಿಎನ್‌ಬಿ 0.5 ಮಿಲಿಮೋಲಾರ್, ಮೈಕ್ರೊಸೋಮ್ ಪ್ರೋಟೀನ್ 50 ಮೈಕ್ರೊಗ್ರಾಂ. 37 ಡಿಗ್ರಿಯಲ್ಲಿ ಐದು ನಿಮಿಷ ಬಿಡಿ. ಪ್ರೋಟೀನಿನದೇ ಥಯಾಲ್‌ಗಳು ವರ್ತಿಸಿ ಮುಗಿಯಲಿ. ಈಗ ಅರಾಕಿಡೊನೈಲ್-ಕೋಎ 25 ಮೈಕ್ರೊಮೋಲಾರ್ ಹಾಕಿ, 412 ನ್ಯಾನೊಮೀಟರ್‌ನಲ್ಲಿ ಬೆಳಕಿನ ಹೀರಿಕೆಯನ್ನು ಎರಡು ನಿಮಿಷ ಓದಿ. ಲೈಸೊಪಿಸಿ ಇನ್ನೂ ಇಲ್ಲ, ಆದರೂ ಗೆರೆ ನಿಧಾನವಾಗಿ ಏರುತ್ತದೆ: ಥಯೋಎಸ್ಟರೇಸ್ ಎಂಬ ಬೇರೆ ಕಿಣ್ವಗಳು ಬಾಲದಿಂದ ಕೋಎಯನ್ನು ಸುಮ್ಮನೆ ಕತ್ತರಿಸುತ್ತಿವೆ. ಇದೇ ಹಿನ್ನೆಲೆ, ಕಳೆಯಲೇಬೇಕು. ಬಹುತೇಕ ತಪ್ಪು ಲೆಕ್ಕಗಳ ಮೂಲ ಇಲ್ಲಿದೆ.

ಬಳಿಕ 50 ಮೈಕ್ರೊಮೋಲಾರ್ ಲೈಸೊಪಿಸಿ ಹಾಕಿ, ಮೊದಲ ಎರಡು ಮೂರು ನಿಮಿಷದ ಏರಿಕೆಯನ್ನಷ್ಟೇ ಹಿಡಿಯಿರಿ. 25 ಮೈಕ್ರೊಮೋಲಾರ್ ಅರಾಕಿಡೊನೈಲ್-ಕೋಎ ಪೂರ್ತಿ ಖರ್ಚಾದರೂ ಏರಿಕೆ ಸುಮಾರು 0.35 ಅಷ್ಟೇ. ಹೆಚ್ಚು ಲೈಸೊಪಿಸಿ ಸುರಿದರೆ ವೇಗ ಕುಸಿಯಬಹುದು, ಅದೂ ಸೋಪಿನಂತೆ ಪೊರೆಯನ್ನು ಬಿಚ್ಚುತ್ತದೆ. ಅರಾಕಿಡೊನೈಲ್ ಗಾಳಿಗೆ ಕೆಡುವ ವಸ್ತು. ಸಣ್ಣ ಟ್ಯೂಬ್‌ಗಳಲ್ಲಿ ನೈಟ್ರೋಜನ್ ತುಂಬಿ ಮೈನಸ್ 80ರಲ್ಲಿ ಇಡಿ.

ಹಿನ್ನೆಲೆ ಕಳೆದು ನಿಮಿಷಕ್ಕೆ 0.0283 ಏರಿತೆನ್ನಿ. ಹಳದಿ ವಸ್ತುವಿನ ಹೀರಿಕೆಯ ಗುಣಾಂಕ 14,150ರಿಂದ ಭಾಗಿಸಿದರೆ 2 ಮೈಕ್ರೊಮೋಲಾರ್, ಅಂದರೆ ಕ್ಯೂವೆಟ್‌ನಲ್ಲಿ 2 ನ್ಯಾನೊಮೋಲ್. 0.05 ಮಿಲಿಗ್ರಾಂ ಪ್ರೋಟೀನಿಗೆ ಹಂಚಿದರೆ ಮಿಲಿಗ್ರಾಂಗೆ ನಿಮಿಷಕ್ಕೆ 40 ನ್ಯಾನೊಮೋಲ್. ಮೈಕ್ರೊಸೋಮ್‌ನಲ್ಲಿ ಎಲ್‌ಪಿಕ್ಯಾಟ್1ನಂಥ ನೆಂಟರೂ ಇರುವುದರಿಂದ, ಎಸ್‌ಐಆರ್‌ಎನ್‌ಎಯಿಂದ (ಒಂದು ಜೀನನ್ನು ಅಡಗಿಸುವ ಪುಟ್ಟ ಆರ್‌ಎನ್‌ಎಯಿಂದ) ಎಲ್‌ಪಿಕ್ಯಾಟ್3 ತಗ್ಗಿಸಿದ ಕೋಶಗಳಲ್ಲೂ ಇದೇ ಅಳತೆ ಮಾಡಿ. ಎಷ್ಟು ಇಳಿಯಿತೋ ಅಷ್ಟನ್ನೇ ಅದರ ಲೆಕ್ಕಕ್ಕೆ ಬರೆಯಿರಿ.